ರೇವತಿ ಮುಗಿಯುವ ಮೊದಲು

ಗುತ್ಯಪ್ಪ ಬೇಲಿಯಿಂದ ಕಿತ್ತ ಒಣ ಕಾರೆಮುಳ್ಳಿನ ಹೊರೆಯನ್ನು ಕತ್ತಿಯ ಮೂತಿಗೆ ಸಿಕ್ಕಿಸಿಕೊಂಡು ಬರಬರನೆ ಎಳೆಯುತ್ತ ಅಂಗಳಕ್ಕೆ ಬಂದಾಗ, ಬಾಗಿಲ ಒಳಗೆ ಗಂಡನ ಹೆಣದ ತಲೆಯ ಹತ್ತಿರ ಕೂತಿದ್ದ ವಿಶಾಲಮ್ಮ ಎದ್ದು ನಿಂತಳು. ಬೆಳಿಗ್ಗೆಯಿಂದ ಅವಳು ಎದ್ದದ್ದು ಅದೇ ಮೊದಲು. ನೆಂಟರು ಬಂದು ಕೊರಳು ತಬ್ಬಿ ಅತ್ತಾಗಲೂ ಕೂತಲ್ಲೇ ಇದ್ದವಳು ಮುಳ್ಳು ನೋಡಿ ಎದ್ದಳು.

"ಅದ್ಯಾಕೆ ಬಾವ, ಮುಳ್ಳು?"

ಗುತ್ಯಪ್ಪ ಸತ್ತವರ ಅಣ್ಣ. ಎಂಬತ್ತರ ಹತ್ತಿರದ ಮನುಷ್ಯ, ಇನ್ನೂ ಕೈಯಲ್ಲಿ ಕತ್ತಿ ಹಿಡಿಯುವ ಗಟ್ಟಿಗ. ಹೊರೆಯನ್ನು ಜಗಲಿಯ ಮೆಟ್ಟಿಲ ಪಕ್ಕ ಕೆಡವಿ, ಮುಖ ಒರೆಸಿಕೊಂಡ. ಅತ್ತು ಅತ್ತು ಅವನ ಕಣ್ಣು ಕೆಂಪಾಗಿತ್ತು.

"ಬಾಗಿಲಿಗೆ, ಇನ್ನೆಂತಕ್ಕೆ? ನಾಗ ರೇವತಿ ನಕ್ಷತ್ರದಲ್ಲಿ ಹೋಗಿದಾನೆ ತಂಗಿ. ಪಂಚಕ. ಹೆಣ ಎತ್ತಿದ್ಮೇಲೆ ಮನೆಗೆ ಬೀಗ, ಬೀಗದ ಮೇಲೆ ಮುಳ್ಳು. ಆರು ತಿಂಗಳು ಯಾರೂ ಒಳಗೆ ಕಾಲಿಡೋ ಹಂಗಿಲ್ಲ. ಹೆಣಾನೂ ಮುಂಬಾಗಿಲಲ್ಲಿ ಬೇಡ, ಹಿಂದಿನ ಗೋಡೆ ಒಡೆದು ತೆಗೆಯೋಣ."

ಸಾಗರದಿಂದ ತೀರ್ಥಹಳ್ಳಿಯವರೆಗೆ ಯಾವ ಊರಿಗೆ ಹೋದರೂ ಈ ಹೆದರಿಕೆಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಚಂದ್ರ ಧನಿಷ್ಠೆಯಿಂದ ರೇವತಿಯವರೆಗಿನ ಐದು ನಕ್ಷತ್ರಗಳಲ್ಲಿ ಇರುವಾಗ ಸತ್ತವನು ಒಬ್ಬನೇ ಹೋಗುವುದಿಲ್ಲ, ಮನೆಯ ಐವರನ್ನು ಹಿಂದೆ ಕರೆಸಿಕೊಳ್ಳುತ್ತಾನೆ ಎಂಬುದು ಮಾತು. ಅದಕ್ಕೇ ಮನೆ ಬಿಡುವುದು. ಬೇರೆ ಯಾರಾದರೂ ಸತ್ತಿದ್ದರೆ ಊರು ಅಯ್ಯೋ ಎಂದು ಸುಮ್ಮನಾಗುತ್ತಿತ್ತು. ಆದರೆ ಸತ್ತವರು ನಾಗರಾಜಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, "ಆಕಾಶ ನೋಡೋದು ಬೇರೆ, ಆಕಾಶಕ್ಕೆ ಹೆದರೋದು ಬೇರೆ" ಎಂದು ಊರೂರು ಹೇಳಿಕೊಂಡು ತಿರುಗಿದವರು. ರಾಹುಕಾಲದಲ್ಲೇ ಮದುವೆಯಾದವರು. ಅಂಥವರು ಪಂಚಕದಲ್ಲಿ ಸತ್ತರೆ ಕೆಲವರಿಗೆ ದುಃಖದ ನಡುವೆಯೂ ಒಳಗೊಳಗೇ ಒಂದು ಸಮಾಧಾನ. ಅಂಗಳದ ಶಾಮಿಯಾನದ ಕೆಳಗೆ ಯಾರೋ ಹೇಳಿಯೂ ಬಿಟ್ಟರು. "ಇಷ್ಟು ವರ್ಷ ಶನಿಯನ್ನ ಚೇಷ್ಟೆ ಮಾಡಿದ್ರು. ಶನಿವಾರಾನೇ ಎತ್ತಾಕ್ಕೊಂಡು ಹೋದ ನೋಡು."

ವಿಶಾಲಮ್ಮನ ಕಿವಿಗೆ ಅದು ಬಿತ್ತು. ಬೀಳಲಿ ಎಂದೇ ಹೇಳಿದ್ದು.

"ಮನೆ ಬಿಡೋದಿಲ್ಲ ಬಾವ. ಮುಳ್ಳು ತಗೊಂಡೋಗಿ," ಎಂದು ಅವಳು ಮತ್ತೆ ಕೂತಳು.

ಮಗ ರವಿಶಂಕರ ಅವಳ ರಟ್ಟೆ ಹಿಡಿದು ಮೆಲ್ಲಗೆ ಅಡಿಗೆಮನೆಗೆ ಕರೆದುಕೊಂಡು ಹೋದ. ಹೊಸನಗರದಲ್ಲಿ ಅವನದು ಪಂಪ್‌ಸೆಟ್ ರಿಪೇರಿ ಅಂಗಡಿ. ಹೆಂಡತಿ ಸುಪ್ರಿಯಾ, ಮಗಳು ಸ್ಪಂದನಾ ಜೊತೆ ಇದೇ ಮನೆಯಲ್ಲಿ ಇರುವವನು. ನಲವತ್ತೈದು ವರ್ಷದ ಗಂಡಸು ಮಾತಾಡುವ ಮೊದಲು ಮೀಸೆಯ ಮೇಲೆ ಬೆರಳಾಡಿಸಿದ. ಮೀಸೆಯ ಕೆಳಗೆ ಅವನ ಮೇಲ್ದುಟಿಯಲ್ಲಿ ಒಂದು ಹಳೆಯ ಹೊಲಿಗೆಯ ಗೆರೆ ಇತ್ತು. ಹೆದರಿದಾಗಲೆಲ್ಲ ಅವನ ಬೆರಳು ಅಲ್ಲಿಗೇ ಹೋಗುವುದು.

"ಅಮ್ಮ, ಪೇಟೇಲಿ ಒಂದು ಬಾಡಿಗೆ ಮನೆ ಮಾತಾಡಿದೀನಿ. ಆರೇ ತಿಂಗಳು. ನಂಗೆ ನನ್ನ ಚಿಂತೆ ಇಲ್ಲ. ಐದು ಜನ ಅಂತಾರಲ್ಲಮ್ಮ. ಸ್ಪಂದನಾ ಇದಾಳೆ ಮನೇಲಿ."

"ನಿಮ್ಮಪ್ಪ ಇದ್ದಿದ್ರೆ ಏನನ್ನೋರು?"

"ಅಪ್ಪ ಇದ್ದಿದ್ರೆ ಈ ಮಾತೇ ಬರ್ತಿರ್ಲಿಲ್ಲ."

ಅಷ್ಟರಲ್ಲಿ ಗುತ್ಯಪ್ಪನೂ ಒಳಗೆ ಬಂದ. ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದ.

"ಕೇಳು ತಂಗಿ. ನಾನೂ ಕಟುಕ ಅಲ್ಲ. ಜೋಯಿಸ್ರಿಗೆ ಫೋನ್ ಮಾಡಿದ್ದೆ. ರೇವತಿ ಬೆಳಿಗ್ಗೆ ಆರೂವರೆ ಒಳಗೇ ಮುಗೀತಂತೆ. ಆಮೇಲೆ ಅಶ್ವಿನಿ, ಯಾವ ದೋಷಾನೂ ಇಲ್ಲ. ಅವನ ಜೀವ ಹೋಗುವಾಗ ಹತ್ತಿರ ಇದ್ದೋಳು ನೀನೊಬ್ಳೇ. ಆರೂವರೆ ಕಳೆದಿತ್ತು ಅಂದ್ಬಿಡು. ಮುಗೀತು. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು. ಮನೇನೂ ಬಿಡೋದು ಬೇಡ, ಮುಳ್ಳೂ ಬೇಡ. ಜೋಯಿಸ್ರು ಈಗ ಬರ್ತಾರೆ."

ರವಿಶಂಕರನ ಮುಖ ಅರಳಿತು. "ಹೌದಮ್ಮ. ಅಷ್ಟು ಅಂದ್ಬಿಡು."

ವಿಶಾಲಮ್ಮ ಒಲೆಯ ಕಟ್ಟೆಗೆ ಒರಗಿ ನಿಂತಳು. ಬೆಳಗಿನ ಜಾವ ಮೇಷ್ಟ್ರು ಜಗಲಿಯ ಕುರ್ಚಿಯಲ್ಲಿ ಕೂತು, "ಬಾರೇ ಇಲ್ಲಿ, ಬೆಳ್ಳಿ ನೋಡು, ಅದರ ಕೆಳಗೆ ಮಂಕಾಗಿ ಶನಿ" ಎಂದು ಕರೆದಿದ್ದರು. ಅವಳು ನೋಡಿ, ಕಾಫಿ ತರಲು ಒಳಗೆ ಹೋಗಿದ್ದಳು. ತಂದಾಗ ಎದೆ ಒತ್ತಿಕೊಂಡು ಕೂತಿದ್ದರು. ಅವಳ ಕೈ ಹಿಡಿದರು. ಆ ಹಿಡಿತ ಸಡಿಲವಾದಾಗ ಅವಳು ಕೂಗುವ ಮೊದಲೇ ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದಳು. ಆ ಮನೆಯಲ್ಲಿ ಹಾಗೆಯೇ, ಕರು ಹಾಕಿದರೂ ಕರೆಂಟು ಹೋದರೂ ಮೊದಲು ಕಣ್ಣು ಹೋಗುವುದು ಗಡಿಯಾರಕ್ಕೆ. ನಲವತ್ತಾರು ವರ್ಷದ ಸಂಸಾರದಲ್ಲಿ ಅಂಟಿದ ಚಾಳಿ.

ಆರಕ್ಕೆ ಹತ್ತು ನಿಮಿಷ ಇತ್ತು.

*

ಎಷ್ಟೋ ವರ್ಷದ ಹಿಂದೆ ಒಂದು ಚಳಿಗಾಲದಲ್ಲಿ ಆಕಾಶದಿಂದ ಉಲ್ಕೆಗಳ ಮಳೆಯೇ ಸುರಿಯುತ್ತದೆಂದು ಪೇಪರಿನಲ್ಲೆಲ್ಲ ಬಂದಿತ್ತು. ಮೇಷ್ಟ್ರು ಒಂದು ತಿಂಗಳಿಂದ ಹಬ್ಬ ಮಾಡಿದ್ದರು. ಹೈಸ್ಕೂಲಿನ ಮಕ್ಕಳನ್ನು ಕಂಬಳಿ ಹೊದೆಸಿ ಗುಡ್ಡ ಹತ್ತಿಸಿದರು. ವಿಶಾಲಮ್ಮ ಒಂದು ಡಬ್ಬ ಅವಲಕ್ಕಿ ಕಲಸಿಕೊಂಡು ಜೊತೆಗೆ ಹೋಗಿದ್ದಳು. ಬೆಳಗಿನವರೆಗೆ ಕತ್ತು ನೋಯುವಷ್ಟು ನೋಡಿದರು. ಮಳೆಯೂ ಇಲ್ಲ, ಹನಿಯೂ ಇಲ್ಲ.

ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮಕ್ಕಳಿಗೆ ಚಾ ಕುಡಿಸುತ್ತಿದ್ದಾಗ ಪತ್ರಿಕೆಗೆ ಸುದ್ದಿ ಕಳಿಸುವ ಹುಡುಗ ಬೆಳ್ಳಪ್ಪ ಬಂದ. ಅವರದೇ ಶಿಷ್ಯ.

"ಸಾರ್, ಎಷ್ಟು ಕಂಡ್ವು?"

"ನಾಲ್ಕು."

"ನಾಲ್ಕಾ? ನಲವತ್ತು ಅಂತ ಬರೀತೀನಿ ಸಾರ್. ಯಾರು ಲೆಕ್ಕ ಹಾಕಿದಾರೆ? ನಮ್ಮ ಸ್ಕೂಲಿಗೂ ಒಂದು ಹೆಸರು."

ಪಕ್ಕದ ಬೆಂಚಿನವರು ಆಗಲೇ ನಗುತ್ತಿದ್ದರು. ಮಕ್ಕಳೂ ಮೇಷ್ಟ್ರ ಮುಖ ನೋಡುತ್ತಿದ್ದರು. ನಲವತ್ತು ಎಂದರೆ ಅವರ ಮಾನವೂ ಉಳಿಯುತ್ತಿತ್ತು.

"ನಾಲ್ಕು ಅಂತ ಬರಿ," ಎಂದರು ಮೇಷ್ಟ್ರು. "ಅದರಲ್ಲಿ ಒಂದು ಮಿಣುಕುಹುಳ ಇರಬಹುದು ಅಂತಾನೂ ಬರಿ."

ಮನೆಗೆ ಬರುವ ದಾರಿಯಲ್ಲಿ ವಿಶಾಲಮ್ಮ ಸಿಟ್ಟಾಗಿದ್ದಳು. ಒಂದು ಸೊನ್ನೆ ಹಾಕಿದ್ದರೆ ಏನು ಗಂಟು ಹೋಗುತ್ತಿತ್ತು ಎಂದಳು. ಮೇಷ್ಟ್ರು, "ಕಂಡದ್ದನ್ನ ಕಂಡಷ್ಟೇ ಹೇಳೋದು. ಅದೊಂದೇ ಕಣೇ ನನ್ನ ಹತ್ರ ಇರೋದು. ಅದನ್ನೂ ಬಿಟ್ರೆ ನಾನೂ ಕವಡೆ ಹಾಕ್ಕೊಂಡು ಕೂರಬಹುದು" ಎಂದಿದ್ದರು.

*

ಗಣೇಶಮೂರ್ತಿ ಜೋಯಿಸರು ಸ್ಕೂಟರು ನಿಲ್ಲಿಸಿ, ಚಪ್ಪಲಿ ಬಿಟ್ಟು, ಮೊದಲು ಹೆಣದ ಹತ್ತಿರ ಹೋಗಿ ಕೈಮುಗಿದು ಬಹಳ ಹೊತ್ತು ನಿಂತರು. ಮೇಷ್ಟ್ರಿಗೂ ಅವರಿಗೂ ಮೂವತ್ತು ವರ್ಷದ ಜಗಳ. ಅದನ್ನು ಆಡುವುದಕ್ಕೆಂದೇ ಜೋಯಿಸರು ಹದಿನೈದು ದಿನಕ್ಕೊಮ್ಮೆ ಈ ಜಗಲಿಗೆ ಬರುತ್ತಿದ್ದರು. ನಡುವೆ ಜೇಬಿನ ಫೋನು ಗುಂಯ್‌ಗುಟ್ಟಿತು. "ಆನು ಇಲ್ಲೇ ಮೇಷ್ಟ್ರ ಮನೇಲಿ ಇದ್ದಿ. ಆಮೇಲೆ ಬತ್ತೆ," ಎಂದು ತಮ್ಮ ಮನೆಮಾತಿನಲ್ಲಿ ಹೆಂಡತಿಗೆ ಹೇಳಿ ಇಟ್ಟರು. ಕಣ್ಣು ಒರೆಸಿಕೊಂಡು ಜಗಲಿಯ ಅಂಚಿನಲ್ಲಿ ಕೂತು ಪಂಚಾಂಗ ತೆಗೆದರು. ಶಾಮಿಯಾನದ ಕೆಳಗಿದ್ದವರೆಲ್ಲ ಹತ್ತಿರ ಬಂದರು.

"ವಿಶಾಲಮ್ಮ, ಹೊತ್ತು ಎಷ್ಟಾಗಿತ್ತು? ಗಡಿಬಿಡೀಲಿ ಗಡಿಯಾರ ಯಾರು ನೋಡ್ತಾರೆ? ಸುಮಾರು ಹೊತ್ತು ಹೇಳಿದ್ರೂ ಸಾಕು." ಅವರು ತಲೆಯೆತ್ತದೆ ಪುಟ ನೋಡುತ್ತ ಹೇಳಿದರು. "ಬೆಳಕು ಚೆನ್ನಾಗಿ ಹರಿದಿತ್ತಾ?"

ಅವರೂ ಸುಳ್ಳಿಗೊಂದು ಬಾಗಿಲು ತೆರೆದು ಹಿಡಿದಿದ್ದರು. ಅದು ವಿಶಾಲಮ್ಮನಿಗೆ ಅರ್ಥವಾಯಿತು. ಅದು ಗಂಡನ ಗೆಳೆಯನ ಕನಿಕರ. ಆಚೆ ಕಂಬಕ್ಕೆ ಒರಗಿ ನಿಂತ ಮಗ ಅವಳನ್ನೇ ನೋಡುತ್ತಿದ್ದ, ಬೆರಳು ಮೀಸೆಯ ಮೇಲೆ. ಒಂದು ಮಾತು ಅಂದುಬಿಟ್ಟರೆ ಅವನು ಈ ರಾತ್ರಿ ನಿದ್ದೆ ಮಾಡುತ್ತಾನೆ. ಆಮೇಲೆ ಅವಳು ಗಂಡನ ಮುಖ ನೋಡಿದಳು.

"ನೋಡಿದೀನಿ ಜೋಯಿಸ್ರೇ. ಆರಕ್ಕೆ ಹತ್ತು ನಿಮಿಷ ಇತ್ತು."

ಹೆಂಗಸರ ಗುಂಪಿನಿಂದ ಒಂದು ಅಯ್ಯೋ ಹೊರಟಿತು. ಗುತ್ಯಪ್ಪ ಹಣೆ ಚಚ್ಚಿಕೊಂಡ. ಜೋಯಿಸರು ಪಂಚಾಂಗ ಮುಚ್ಚಿದರು.

"ಹಾಗಾದ್ರೆ ರೇವತೀನೇ. ಶಾಸ್ತ್ರದಲ್ಲಿ ಇರೋದನ್ನ ನಾನು ಹೇಳಬೇಕು, ಹೇಳ್ತೀನಿ. ಮನೆ ಬಿಡೋದು ಒಳ್ಳೇದು. ಶಾಂತಿ ಮಾಡಿಸಬೇಕು." ಪಂಚಾಂಗ ಪಕ್ಕಕ್ಕಿಟ್ಟು ಮತ್ತೆ ಅಂದರು. "ನಿಮ್ಮ ಯಜಮಾನ್ರು ಇದ್ದಿದ್ರೆ ಒಂದು ಮಾತು ಹೇಳ್ತಿದ್ರು. 'ಚಂದ್ರ ಎಲ್ಲಿದಾನೆ ಅನ್ನೋವರೆಗೆ ನಿಮ್ಮ ಲೆಕ್ಕ ಸರಿ ಜೋಯಿಸ್ರೇ, ಅಲ್ಲೀವರೆಗೆ ಇಬ್ರೂ ಒಟ್ಟಿಗೇ ಹೋಗೋಣ. ಅಲ್ಲಿಂದ ನನ್ನ ಮನೆ ಬಾಗಿಲಿಗೆ ನೀವು ಯಾವ ದಾರೀಲಿ ಇಳಿದ್ರಿ ಅನ್ನೋದು ಮಾತ್ರ ನಂಗೆ ಕಾಣೋದಿಲ್ಲ' ಅಂತ. ನಾನು ಉತ್ತರ ಕೊಡ್ತಿದ್ದೆ. ಅವರು ಒಪ್ತಿರ್ಲಿಲ್ಲ."

"ನಂಗೂ ಕಾಣೋದಿಲ್ಲ," ಎಂದಳು ವಿಶಾಲಮ್ಮ. "ಹೊತ್ತು ನೀವು ಕೇಳಿದ್ರಿ, ಹೇಳಿದೀನಿ. ಮನೆ ಬಿಡೋದಿಲ್ಲ. ಗೋಡೆ ಒಡೆಯೋದೂ ಬೇಡ. ಅವರು ದಿನಾ ಓಡಾಡಿದ ಬಾಗಿಲಲ್ಲೇ ಹೋಗ್ಲಿ."

ಗುತ್ಯಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ದುಃಖವೂ ಸಿಟ್ಟೂ ಒಟ್ಟಿಗೇ ಉಕ್ಕಿತು.

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು! ಗಂಡನ ಹಟ ಸಾಲ್ದು ಅಂತ ಈಗ ಹೆಂಡ್ತಿದು ಬೇರೆ. ಮುಂಬಾಗಿಲಲ್ಲಿ ತರೋದಾದ್ರೆ ನಾನು ಹೆಗಲು ಕೊಡೋದಿಲ್ಲ. ನನ್ನ ಮಕ್ಕಳೂ ಕೊಡೋದಿಲ್ಲ. ನಿಮ್ಮ ಹಟಕ್ಕೆ ಬಲಿಯಾಗಿದ್ದು ಸಾಲ್ದಾ? ಅಲ್ಲಿ ನಿಂತಿದಾನಲ್ಲ ನಿನ್ನ ಮಗ, ಅವನ ತುಟಿ ನೋಡು! ನಾಗ ಬಸುರಿ ಹೆಂಡ್ತೀನ ಅಂಗಳಕ್ಕೆ ಕರೆದು ಗ್ರಹಣ ತೋರಿಸ್ದ. ದೇವರು ಅಲ್ಲೇ ಗೆರೆ ಎಳೆದು ಕೊಟ್ಟ. ಅಷ್ಟಾದ್ರೂ ಬುದ್ಧಿ ಬರ್ಲಿಲ್ವಲ್ಲ ನಿಮಗೆ!"

ನಲವತ್ತೈದು ವರ್ಷ ಬೆನ್ನ ಹಿಂದೆ ಆಡಿದ್ದ ಮಾತು ಇವತ್ತು ಎದುರಿಗೆ ಬಂದಿತ್ತು. ರವಿಶಂಕರ ಮುಖ ಆ ಕಡೆ ತಿರುಗಿಸಿಕೊಂಡ.

*

ಗ್ರಹಣದ ಆ ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ಹಗಲಲ್ಲೇ ಕೋಳಿಗಳು ಗೂಡು ಸೇರಿದ್ದವು. ನಾಲ್ಕು ತಿಂಗಳ ಬಸುರಿ ವಿಶಾಲಮ್ಮನನ್ನು ಅತ್ತೆ ಕತ್ತಲೆಕೋಣೆಯಲ್ಲಿ ಮಲಗಿಸಿ, ಮಗ್ಗುಲು ಬದಲಿಸಬೇಡ, ಉಗುರು ಕಚ್ಚಬೇಡ ಎಂದು ಹೇಳಿ ಹೋಗಿದ್ದಳು. ಗಂಡ ಕರೆಯಲಿಲ್ಲ. ಅವಳಿಗೇ ತಡೆಯಲಾಗಲಿಲ್ಲ. ಹಿಂಬಾಗಿಲಿನಿಂದ ಹೋಗಿ ನೋಡಿದರೆ, ಮೇಷ್ಟ್ರು ತೂತು ಕೊರೆದ ರಟ್ಟು ಹಿಡಿದು ಒಬ್ಬರೇ ನಿಂತಿದ್ದರು. ಹಲಸಿನ ಮರದ ಎಲೆಗಳ ಸಂದಿನಿಂದ ಬಿದ್ದ ಬಿಸಿಲಿನ ಚುಕ್ಕಿಗಳೆಲ್ಲ ಕುಡುಗೋಲಿನ ಹಾಗೆ ಬಾಗಿದ್ದವು. ಅಂಗಳದ ತುಂಬ ಸಣ್ಣ ಸಣ್ಣ ಸೂರ್ಯರು. ಅವಳು ಬೊಗಸೆಯೊಡ್ಡಿ ಒಂದನ್ನು ಹಿಡಿದಳು. ಅಷ್ಟು ಚಂದದ್ದನ್ನು ಅವಳು ಆವರೆಗೆ ನೋಡಿರಲಿಲ್ಲ.

ಆಷಾಢದಲ್ಲಿ ಮಗು ಹುಟ್ಟಿತು, ಮೇಲ್ದುಟಿ ಸೀಳಿಕೊಂಡು. ಅತ್ತೆ ಅತ್ತು ಊರಿಗೆಲ್ಲ ಹೇಳಿದಳು. ಮೇಷ್ಟ್ರು ಅದು ಗ್ರಹಣದಿಂದ ಅಲ್ಲ ಎಂದು ಒಂದು ಸಲ ಹೇಳಿದರು. ವಿಶಾಲಮ್ಮ ಮುಖ ತಿರುಗಿಸಿ ಮಲಗಿದ ಮೇಲೆ ಮತ್ತೆ ಹೇಳಲಿಲ್ಲ. ಅವರ ಮೇಲೆ ಅವಳಿಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ತನ್ನ ಮೇಲೆ ಅದಕ್ಕಿಂತ ಹೆಚ್ಚು.

ಮಗುವಿಗೆ ಹೊಲಿಗೆ ಹಾಕಿಸಲು ಘಟ್ಟ ಇಳಿದು ಮಣಿಪಾಲಕ್ಕೆ ಹೋದರು. ಆ ವಾರ್ಡಿನ ತುಂಬ ಅಂಥವೇ ಮಕ್ಕಳು. ಮೊದಲ ದಿನ ಅವಳು ಯಾರ ಮುಖವನ್ನೂ ನೋಡಲಿಲ್ಲ. ಎರಡನೆಯ ದಿನ ಪಕ್ಕದ ಮಂಚದ ಕುಂದಾಪುರದ ಹೆಂಗಸನ್ನು ಕೇಳಿಯೇಬಿಟ್ಟಳು. "ನೀವೂ ಗ್ರಹಣ ನೋಡಿದ್ರಾ?"

"ಎಂತ ಗ್ರಹಣ ಮಾರಾಯ್ತಿ! ಕಿಟಕಿಗೆ ಕಂಬಳಿ ಕಟ್ಟಿ ಮಲಗಿದ್ದೆ."

ವಿಶಾಲಮ್ಮ ಎದ್ದಳು. ಮಗುವನ್ನು ಹೆಗಲಿಗೆ ಹಾಕಿಕೊಂಡು ಮಂಚದಿಂದ ಮಂಚಕ್ಕೆ ಹೋದಳು. ಒಬ್ಬಳು ಇಡೀ ದಿನ ನೀರೂ ಕುಡಿಯದೆ ಒಳಗಿದ್ದವಳು. ಒಬ್ಬಳ ಮಗುವಿಗೆ ಆಗಲೇ ಮೂರು ವರ್ಷ. ಇನ್ನೊಬ್ಬಳಿಗೆ ಗ್ರಹಣ ಆದದ್ದೇ ಗೊತ್ತಿರಲಿಲ್ಲ. ವಾರ್ಡಿನ ಕೊನೆಯವರೆಗೆ ಕೇಳಿದಳು. ನೋಡಿದವಳು ತಾನೊಬ್ಬಳೇ.

ಸಂಜೆ ಮೇಷ್ಟ್ರು ಇಡ್ಲಿ ಕಟ್ಟಿಸಿಕೊಂಡು ಬಂದಾಗ ಹೇಳಿದಳು. ಅವರು ಪೊಟ್ಟಣ ಬಿಚ್ಚುವುದನ್ನೂ ಮರೆತು ಅವಳನ್ನೇ ನೋಡಿದರು. "ಇದನ್ನ ನಾನು ಹೇಳಿದ್ರೆ ನೀನು ನಂಬ್ತಿರ್ಲಿಲ್ಲ," ಎಂದು, ಮಗು ಹುಟ್ಟಿದ ಮೇಲೆ ಮೊದಲ ಸಲ ನಕ್ಕರು.

*

ವಿಶಾಲಮ್ಮ ಜಗಲಿಯ ಅಂಚಿಗೆ ಬಂದು ನಿಂತು ಅದನ್ನೆಲ್ಲ ಹೇಳಿದಳು. ಅವಳಿಗೆ ಭಾಷಣ ಗೊತ್ತಿಲ್ಲ. ಮಂಚ ಮಂಚದ ಲೆಕ್ಕ ಒಪ್ಪಿಸುವವಳ ಹಾಗೆ ಹೇಳಿದಳು.

"ಅವರು ನನ್ನನ್ನ ಕರೀಲಿಲ್ಲ ಬಾವ. ನಾನೇ ಹೋಗಿದ್ದು. ಕೋಣೇಲಿ ಮಲಗಿದ್ದೋರ ಮಕ್ಕಳಿಗೂ ಅದೇ ತುಟಿ. ನಾನು ಕಣ್ಣಾರೆ ನೋಡಿ ಬಂದಿದೀನಿ. ನೀವು ಪಂಚಕದಲ್ಲಿ ಸತ್ತೋರ ಮನೇನ ಒಂದೊಂದಾಗಿ ಹೋಗಿ ಕೇಳಿದೀರಾ? ಬಿಟ್ಟೋರ ಮನೇಲಿ ಎಷ್ಟು ಜನ ಸತ್ರು, ಬಿಡದೆ ಇದ್ದೋರ ಮನೇಲಿ ಎಷ್ಟು ಜನ ಸತ್ರು ಅಂತ?"

ಗುತ್ಯಪ್ಪ ಕತ್ತಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ಇದನ್ನ ನಂಗ್ಯಾಕೆ ಯಾರೂ ಹೇಳ್ಲಿಲ್ಲ?" ಎಂದ ರವಿಶಂಕರ. ಅವನ ದನಿ ಸಣ್ಣ ಹುಡುಗನ ದನಿಯಾಗಿತ್ತು.

"ಅಪ್ಪ ಹೇಳಿದ್ರು. ನೀನು ಹೈಸ್ಕೂಲಲ್ಲಿದ್ದೆ. ಕಿವಿ ಮುಚ್ಕೊಂಡು ಎದ್ದು ಹೋದೆ. ಆಮೇಲೆ ಮೀಸೆ ಬಿಟ್ಟೆ." ಅವಳು ಮೆಟ್ಟಿಲಿಳಿದು ಅವನ ಹತ್ತಿರ ಬಂದಳು. "ನಾನು ಹೇಳಬೇಕಿತ್ತು. ಈಗ ಹೇಳಿದೀನಿ."

"ನಂಗೆ ಹೆದರಿಕೆ ಹೋಗಿಲ್ಲಮ್ಮ."

"ಹೋಗ್ಬೇಕು ಅಂತ ಎಲ್ಲಿದೆ? ಹೆದರಿಕೊಂಡೇ ಎತ್ತು."

ಅವನು ಅಂಗಿ ಬಿಚ್ಚಿ, ಟವೆಲು ಹೆಗಲಿಗೆ ಹಾಕಿ, ಒಳಗೆ ಹೋಗಿ ಚಟ್ಟದ ಮುಂದಿನ ತುದಿಗೆ ಬಗ್ಗಿದ. ಶಾಮಿಯಾನದ ಹಿಂದಿನಿಂದ ಬೆಳ್ಳಪ್ಪ ಎದ್ದು ಬಂದ. ನಾಲ್ಕೇ ಉಲ್ಕೆಯ ಸುದ್ದಿ ಬರೆದ ಹುಡುಗ ಈಗ ತಲೆ ನರೆತ ಗಂಡಸು. ಅವನ ಹಿಂದೆ ಶಿವು ಬಂದ, ಮತ್ತೊಬ್ಬ ಬಂದ. ಎಲ್ಲ ಹಳೆಯ ಶಿಷ್ಯರೇ. ಚಟ್ಟ ಮೇಲೆದ್ದಿತು. ದಿನಾ ಓಡಾಡಿದ ಬಾಗಿಲಿನಿಂದಲೇ ಮೇಷ್ಟ್ರು ಹೊರಗೆ ಬಂದರು.

ಅಂಗಳದಲ್ಲಿ ಶಾಮಿಯಾನದ ಆಚೆ, ಬಿಸಿಲಿನಲ್ಲಿ ಅವರು ನೆಟ್ಟಿದ್ದ ಒಂದು ಗೂಟ ಇತ್ತು. ನೆರಳು ನೋಡುವ ಗೂಟ. ಅದರ ಸುತ್ತ ಊರಿನ ಮಕ್ಕಳೆಲ್ಲ ಮುತ್ತಿಕೊಂಡಿದ್ದರು. ಇವತ್ತು ಮಧ್ಯಾಹ್ನ ಬನ್ನಿ, ಸೂರ್ಯ ನೆತ್ತಿಗೆ ಸರಿಯಾಗಿ ಬರ್ತಾನೆ, ಎಲ್ಲರ ನೆರಳೂ ಮಾಯ ಎಂದು ಮೇಷ್ಟ್ರು ವಾರದ ಮೊದಲೇ ಹೇಳಿದ್ದರು. ಸಾವಿನ ಮನೆ ಎಂದು ದೊಡ್ಡವರು ಗದರಿದರೂ ಮಕ್ಕಳು ಬಂದಿದ್ದರು.

"ಅಜ್ಜೀ, ನೆರಳಿಲ್ಲ!" ಎಂದು ಸ್ಪಂದನಾ ಅಳುತ್ತಲೇ ಕೂಗಿದಳು.

ಎಲ್ಲರೂ ಕೆಳಗೆ ನೋಡಿದರು. ಗೂಟಕ್ಕೆ ನೆರಳಿರಲಿಲ್ಲ. ಹೊತ್ತವರ ನೆರಳು ಅವರವರ ಕಾಲ ಕೆಳಗೇ ಅಡಗಿತ್ತು. ಗುತ್ಯಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ಇದೆಂತ ಅಪಶಕುನ ಮಾರಾಯ್ತಿ!"

"ಶಕುನ ಅಲ್ಲ ಬಾವ. ಪ್ರತಿ ವರ್ಷ ಹಿಂಗೇ ಆಗುತ್ತೆ. ಆಗಸ್ಟಲ್ಲಿ ಇನ್ನೊಂದ್ಸಲ ಆಗುತ್ತೆ, ಬಂದು ನೋಡಿ," ಎಂದಳು ವಿಶಾಲಮ್ಮ.

ಜೋಯಿಸರು ತಲೆಯಾಡಿಸಿದರು. "ಅವರು ಹೇಳಿದ ದಿನವೇ ಆಯ್ತು," ಎಂದು ತಮಗೆ ತಾವೇ ಹೇಳಿಕೊಂಡು, ಚಪ್ಪಲಿ ಹಾಕದೆ ಚಟ್ಟದ ಹಿಂದೆ ನಡೆದರು. ಗುತ್ಯಪ್ಪ ಗೂಟವನ್ನೂ ಹೋಗುತ್ತಿದ್ದ ತಮ್ಮನನ್ನೂ ನೋಡಿದ. ಕತ್ತಿ ಎಸೆದು, ಬಿಕ್ಕುತ್ತ ಅವನೂ ಹಿಂದೆ ಓಡಿದ. ಹೆಗಲು ಕೊಡಲಿಲ್ಲ.

ಗದ್ದೆಯ ಅಂಚಿನಲ್ಲಿ ಹೊಗೆ ಏಳುವುದು ಕಂಡಾಗ ವಿಶಾಲಮ್ಮ ಒಳಗೆ ಬಂದಳು. ಸುಪ್ರಿಯಾ ಜಗಲಿ ತೊಳೆಯುತ್ತಿದ್ದಳು. ಮನೆ ಇಷ್ಟು ಖಾಲಿ ಯಾವತ್ತೂ ಆಗಿರಲಿಲ್ಲ. ಗೋಡೆಯ ಗಡಿಯಾರ ಒಂದೇ ಸದ್ದು ಮಾಡುತ್ತಿತ್ತು. ಐದು ಎಂಬ ಮಾತು ಆಗ ಅವಳ ತಲೆಯೊಳಗೆ ನುಗ್ಗಿತು. ರವಿ, ಸುಪ್ರಿಯಾ, ಸ್ಪಂದನಾ. ಬೆರಳು ತನ್ನಷ್ಟಕ್ಕೆ ಮಡಿಚಿಕೊಂಡಿತು. ಅವಳಿಗೂ ಹೆದರಿಕೆಯಾಯಿತು. ನಲವತ್ತೈದು ವರ್ಷದ ಹಿಂದೆ ವಾರ್ಡಿನ ಮೊದಲ ದಿನ ಆಗಿತ್ತಲ್ಲ, ಹಾಗೆಯೇ. ಅವಳು ಮಡಿಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಎದ್ದು ಹೊರಗೆ ಹೋದಳು.

ಸುಟ್ಟು ಬಂದವರು ಊರ ತಿರುವಿಗೆ ಬಂದಾಗ ಗುತ್ಯಪ್ಪನೇ ಮೊದಲು ನಿಂತದ್ದು. ಬಾಗಿಲು ಹಾಕಿರಬೇಕಾದ ಮನೆಯ ಬಚ್ಚಲ ಮಾಡಿನಿಂದ ಹೊಗೆ ದಟ್ಟವಾಗಿ ಏಳುತ್ತಿತ್ತು. ಹತ್ತಿರ ಬಂದರೆ ಮುಂಬಾಗಿಲು ಹಾರು ಹೊಡೆದಿತ್ತು. ಮೆಟ್ಟಿಲ ಪಕ್ಕ ಅವನು ಕೆಡವಿದ್ದ ಮುಳ್ಳಿನ ಹೊರೆ ಇರಲಿಲ್ಲ. ಗೂಟದ ನೆರಳು ಅಂಗಳದ ಆ ತುದಿಯವರೆಗೆ ಉದ್ದಕ್ಕೆ ಮಲಗಿತ್ತು.

ಬಚ್ಚಲೊಲೆಯ ಮುಂದೆ ವಿಶಾಲಮ್ಮ ಸೆರಗು ಸಿಕ್ಕಿಸಿ ಕೂತಿದ್ದಳು. ಕೈಯ ತುಂಬ ಗೀರು, ಅಲ್ಲಲ್ಲಿ ರಕ್ತ. ಕಾರೆಮುಳ್ಳಿನ ಕೊನೆಯ ಕೊಂಬೆಯನ್ನು ಕಾಲಲ್ಲಿ ಮೆಟ್ಟಿ ಮುರಿದು ಒಲೆಗೆ ತಳ್ಳಿದಳು. ಅದು ಚಟಚಟನೆ ಸಿಡಿದು ಹೊತ್ತಿಕೊಂಡಿತು. ಹಂಡೆಯ ನೀರು ಕುದಿಯುತ್ತಿತ್ತು.

"ಬನ್ನಿ ಬಾವ," ಎಂದಳು. "ನೀರು ಕಾದಿದೆ, ಸ್ನಾನ ಮಾಡಿ."